ಬಿಪಿ ನೋಡಿಸುವ ದಿನವೇ ಕೇಳಬೇಕಾದ ಪ್ರಶ್ನೆ

ನಮ್ಮಪ್ಪ ಬಹಳ ಲೆಕ್ಕಾಚಾರದ ಮನುಷ್ಯ. ತಿಪಟೂರಿನ ಹತ್ತಿರ ನಾಲ್ಕು ಎಕರೆ ತೆಂಗಿನ ತೋಟ, ಹಳೇ ಮನೆ, ಒಂದು ಕೊಬ್ಬರಿ ಅಟ್ಟ. ಯಾವ ತಿಂಗಳು ಅಟ್ಟಕ್ಕೆ ಎಷ್ಟು ಕಾಯಿ ಹಾಕಿಸಿದ್ದು, ಅದರಲ್ಲಿ ಕೊಳೆತು ಹೋಗಿದ್ದೆಷ್ಟು ಅನ್ನುವುದು ನೋಟ್‌ಬುಕ್ಕಿನಲ್ಲಿರುತ್ತಿತ್ತು. ಪಹಣಿ, ಕಂದಾಯದ ರಸೀದಿ, ಬೋರ್‌ವೆಲ್ಲಿನ ಕಾಗದ ಎಲ್ಲವೂ ಒಂದು ತಗಡಿನ ಟ್ರಂಕಿನಲ್ಲಿ. ಎಪ್ಪತ್ತು ತುಂಬಿದ ವರ್ಷವೇ ಉಯಿಲು ಬರೆಸಿ, ರಿಜಿಸ್ಟರ್ ಮಾಡಿಸಿ, ಅಣ್ಣ, ನಾನು, ತಂಗಿ ಮೂವರನ್ನೂ ಕೂರಿಸಿಕೊಂಡು ಓದಿ ಹೇಳಿದ್ದರು. ಬಾವಿ ಪಕ್ಕದ ಎರಡು ಹಲಸಿನ ಮರ ಯಾರ ಪಾಲಿಗೆ ಅನ್ನುವುದೂ ಅದರಲ್ಲಿತ್ತು.

ಅಪ್ಪನ ಮೈಗೆ ಸಂಬಂಧಪಟ್ಟ ಒಂದು ಸಾಲೂ ಅದರಲ್ಲಿರಲಿಲ್ಲ. ಅದು ನಮಗೆ ಗೊತ್ತಾಗಿದ್ದು 2019ರಲ್ಲಿ, ರಾತ್ರಿ ಎರಡು ಗಂಟೆಗೆ, ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯು ಬಾಗಿಲಲ್ಲಿ.

ಆ ಹತ್ತೊಂಬತ್ತು ದಿನ

ಅಪ್ಪನಿಗೆ ಆಗ ಎಂಬತ್ತೊಂದು. ದೊಡ್ಡದಾಗಿ ಸ್ಟ್ರೋಕ್ ಆಗಿ, ಅದರ ಮೇಲೆ ನ್ಯುಮೋನಿಯ ಸೇರಿಕೊಂಡಿತ್ತು. ಡ್ಯೂಟಿ ಡಾಕ್ಟರ್ ಇನ್ನೂ ಹುಡುಗ. ಪಾಪ, ಅವನೂ ಸುಸ್ತಾಗಿದ್ದ. "ವೆಂಟಿಲೇಟರ್ ಹಾಕೋದಾ ಬೇಡವಾ? ಬೇಗ ಹೇಳಬೇಕು ಮೇಡಂ" ಅಂದ. ಪುಣೆಯಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದೆ. "ಏನೇನು ಮಾಡ್ಬೋದೋ ಎಲ್ಲಾ ಮಾಡ್ಸು" ಅಂದ. ಪಕ್ಕದಲ್ಲಿ ನಿಂತಿದ್ದ ತಂಗಿ "ಬೇಡ ಕಣೇ ಅಕ್ಕ, ಅಪ್ಪ ಇದನ್ನೆಲ್ಲ ಒಪ್ತಿರ್ಲಿಲ್ಲ" ಅಂತ ಅಳುತ್ತಿದ್ದಳು. ಅಪ್ಪ ಒಪ್ಪುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು? ನಾವು ಯಾವತ್ತೂ ಕೇಳಿರಲಿಲ್ಲ. ನಾನು ಸೈನ್ ಹಾಕಿದೆ.

ಹತ್ತೊಂಬತ್ತು ದಿನ. ಪೈಪು ಕಿತ್ತುಕೊಳ್ಳಬಾರದೆಂದು ಅಪ್ಪನ ಎಡಗೈಯನ್ನು ಮಂಚದ ಸರಳಿಗೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದ್ದರು. ಬಲಗೈ ಮೊದಲೇ ಬಿದ್ದುಹೋಗಿತ್ತು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ನಾನು ಹೋದಾಗಲೆಲ್ಲ ಅವರ ಬೆರಳು ಆ ಗಂಟನ್ನು ತಡಕುತ್ತಿದ್ದವು. ಆಸ್ಪತ್ರೆಯವರ ತಪ್ಪು ಅಂತ ನಾನು ಹೇಳುತ್ತಿಲ್ಲ. ಎಲ್ಲಾ ಮಾಡಿ ಅಂದವರು ನಾವೇ, ಅವರು ಮಾಡಿದರು. ಎರಡು ವರ್ಷದ ಕೊಬ್ಬರಿ ದುಡ್ಡು ಹೋಯಿತು. ಅದಕ್ಕಿಂತ ಹೆಚ್ಚಾಗಿ ಅಣ್ಣ ತಂಗಿಯರ ಮಾತು ನಿಂತುಹೋಯಿತು. "ನೀನು ಅಪ್ಪನ್ನ ಬಿಟ್ಟುಕೊಡೋಕೆ ರೆಡಿ ಇದ್ದೆ" ಅಂತ ಅವನು, "ನೀನು ದೂರದಲ್ಲಿ ಕೂತು ಅವರಿಗೆ ಹಿಂಸೆ ಕೊಡಿಸಿದೆ" ಅಂತ ಅವಳು. ವರ್ಷದ ತಿಥಿಗೆ ಇಬ್ಬರೂ ಬಂದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಮ್ಮ ಡಾಕ್ಟ್ರು ಕೇಳಿದ್ದು

ಅಮ್ಮನಿಗೆ ಹೃದಯದ ಪಂಪಿಂಗ್ ಕಡಿಮೆ, ಜತೆಗೆ ಶುಗರು. ತಿಂಗಳಿಗೊಮ್ಮೆ ತಿಪಟೂರಿನಲ್ಲಿ ನಮ್ಮ ಹಳೇ ಡಾಕ್ಟ್ರ ಹತ್ತಿರ ಬಿಪಿ ನೋಡಿಸಿ, ಮಾತ್ರೆ ಬರೆಸಿಕೊಂಡು ಬರುವುದು. ನಮ್ಮ ಮೂವರಿಗೂ ಚಿಕ್ಕಂದಿನಲ್ಲಿ ಕೆಮ್ಮಿಗೆ ಔಷಧಿ ಕೊಟ್ಟವರೇ ಅವರು. "ಅಮ್ಮನಿಗೆ ಜಾಸ್ತಿ ಏನೂ ಹೇಳ್ಬೇಡಿ ಡಾಕ್ಟ್ರೇ, ಹೆದರ್ಕೊಳ್ತಾರೆ" ಅಂತ ನಾನೇ ಬಾಗಿಲ ಹೊರಗೆ ನಿಂತು ಎಷ್ಟೋ ಸಲ ಪಿಸುಗುಟ್ಟಿದ್ದೆ.

2023ರ ಮಳೆಗಾಲ. ಅಮ್ಮನಿಗೆ ಕಾಲು ಊದಿಕೊಂಡು ಎರಡು ಸಲ ಆಸ್ಪತ್ರೆಗೆ ಸೇರಿಸಿ ಕರೆದುಕೊಂಡು ಬಂದಿದ್ದೆವು. ಡಾಕ್ಟ್ರು ಫೋನ್ ಮಾಡಿ, "ಮುಂದಿನ ಸಲ ಬರುವಾಗ ಮಧ್ಯಾಹ್ನದ ಕೊನೇ ಟೋಕನ್ ತಗೊಳ್ಳಮ್ಮ, ಸ್ವಲ್ಪ ಮಾತಾಡೋದಿದೆ" ಅಂದರು. ಹೋದೆವು. ಬಿಪಿ ನೋಡಿ, ಪಟ್ಟಿ ಬಿಚ್ಚಿ, ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು: "ಅಮ್ಮಾ, ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಗೊತ್ತಿದೆ?"

ನನಗೆ ಎದೆ ಧಸಕ್ಕೆಂದಿತು. ಅಮ್ಮ ಆರಾಮಾಗಿ ಹೇಳಿದಳು: "ಹಾರ್ಟು ಸುಸ್ತಾಗಿದೆ. ಪೂರ್ತಿ ಸರಿಹೋಗಲ್ಲ. ಇವ್ರು ಹೇಳಲ್ಲ ಅಷ್ಟೆ, ನಂಗೆ ಗೊತ್ತು."

ಮೂರು ವರ್ಷದಿಂದ ನಾವು ಮುಚ್ಚಿಟ್ಟಿದ್ದ ಗುಟ್ಟು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು!

"ಮುಂದೆ ಏನಾಗಬಹುದು ಅಂತ ತಿಳ್ಕೊಳ್ಳೋಕೆ ಇಷ್ಟ ಇದೆಯಾ? ಬೇಡ ಅಂದ್ರೆ ಬಿಡೋಣ" ಅಂದರು ಡಾಕ್ಟ್ರು. ಅಮ್ಮ ಬೇಕು ಅಂದಳು. ಅವರು ಸುತ್ತಿ ಬಳಸದೆ ಹೇಳಿದರು. ಈ ಕಾಯಿಲೆ ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ. ಮಾತ್ರೆ, ಉಪ್ಪು, ನೀರು ಹಿಡಿತದಲ್ಲಿದ್ದರೆ ಚೆನ್ನಾಗಿರ್ತೀರಿ. ಆದರೂ ಒಂದಿನ ಇದ್ದಕ್ಕಿದ್ದಂತೆ ಉಸಿರು ಕಟ್ಟಬಹುದು, ಆಗ ನಿಮಗೆ ಮಾತಾಡೋಕೆ ಆಗದೇ ಇರಬಹುದು. "ಆವತ್ತು ನಿಮ್ಮ ಮಕ್ಕಳು ಊಹೆ ಮಾಡೋ ಹಾಗಾಗಬಾರದು. ಅದಕ್ಕೇ ಇವತ್ತು ಕೇಳ್ತಿದೀನಿ."

ಅಮ್ಮ ಕೊಟ್ಟ ಉತ್ತರ

ಆವತ್ತು ಅರ್ಧ ಗಂಟೆ, ಮುಂದಿನ ತಿಂಗಳು ಇನ್ನರ್ಧ ಗಂಟೆ. ಎರಡನೇ ಸಲ ತಂಗಿ ಬಂದಿದ್ದಳು, ಅಣ್ಣ ಅತ್ತಿಗೆ ವಿಡಿಯೊ ಕಾಲ್‌ನಲ್ಲಿದ್ದರು. ಅಣ್ಣ ತಂಗಿ ಒಂದೇ ಮಾತುಕತೆಯಲ್ಲಿ ಕೂತಿದ್ದು ನಾಲ್ಕು ವರ್ಷದಲ್ಲಿ ಅದೇ ಮೊದಲು.

ಅಪ್ಪನನ್ನು ಕಂಡಿದ್ದ ಅಮ್ಮ "ನನಗೇನೂ ಬೇಡ, ಮನೇಲೇ ಬಿಟ್ಟುಬಿಡಿ" ಅನ್ನುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ಅವಳು ಹಾಗನ್ನಲಿಲ್ಲ.

"ಜ್ವರ, ಕಫ, ಉಸಿರು ಕಟ್ಟೋದು, ಇಂಥದ್ದಕ್ಕೆಲ್ಲ ಆಸ್ಪತ್ರೆಗೆ ಕರ್ಕೊಂಡೋಗಿ. ಸೂಜಿ, ಔಷಧಿ ಎಲ್ಲಾ ಕೊಡ್ಸಿ. ನಾನೇನು ಈಗ್ಲೇ ಹೊರಟಿಲ್ಲ, ಮೊಮ್ಮಗಳ ಮದುವೆ ನೋಡ್ಬೇಕು. ಆದ್ರೆ ಗಂಟಲಿಗೆ ಪೈಪ್ ಹಾಕಿ ಕೈ ಕಟ್ಟಿ ಮಲಗ್ಸೋದು ಬೇಡ."

ಡಾಕ್ಟ್ರು ಅಲ್ಲಿಗೇ ಬಿಡಲಿಲ್ಲ. "ಎರಡು ದಿನ ಹಾಕಿದ್ರೆ ಹುಷಾರಾಗ್ತೀರ ಅಂತಿದ್ರೆ?" ಅಮ್ಮ ಸೆರಗಿನ ಚುಂಗು ತಿರುವುತ್ತಾ ಯೋಚನೆ ಮಾಡಿದಳು. "ಎರಡು ದಿನ ಅಂದ್ರೆ ಆಗ್ಲಿ. ಹುಷಾರಾಗಲ್ಲ ಅಂತ ಗೊತ್ತಾದ್ಮೇಲೆ ತೆಗೀರಿ."

"ಯಾವುದು ಇಲ್ಲದಿದ್ರೆ ಬದುಕಿದ್ದೂ ಪ್ರಯೋಜನ ಇಲ್ಲ ಅನ್ಸುತ್ತೆ?" ಅಂತ ಕೇಳಿದ್ದಕ್ಕೆ, "ಮನೆಯವರ ಗುರುತು ಹತ್ಬೇಕು. ಒಂದು ತುತ್ತಾದ್ರೂ ನನ್ನ ಕೈಯಲ್ಲಿ ಉಣ್ಬೇಕು" ಅಂದಳು. ಕೊನೆಗಾಲ ಎಲ್ಲಿ ಅಂದಾಗ, "ಮನೇಲಿ. ಆದ್ರೆ ನೋವು ತಡ್ಕೊಳ್ಳೋಕಾಗ್ದಿದ್ರೆ ಆಸ್ಪತ್ರೆಗೇ ಹಾಕಿ, ಊರವರು ಏನಂತಾರೆ ಅಂತ ನೋಡ್ಬೇಡಿ" ಅಂದಳು.

ಕೊನೆಯ ಪ್ರಶ್ನೆ: "ನಿಮಗೆ ಮಾತಾಡೋಕೆ ಆಗದೇ ಇದ್ರೆ ನಿಮ್ಮ ಪರವಾಗಿ ಯಾರು ಮಾತಾಡ್ಲಿ?"

ಜತೆಗಿದ್ದು ನೋಡಿಕೊಳ್ಳುವವಳು ನಾನು. ನನ್ನ ಹೆಸರೇ ಬರುತ್ತದೆ ಅಂದುಕೊಂಡಿದ್ದೆ. "ಚಿಕ್ಕ ಮಗಳು ಮತ್ತೆ ಸೊಸೆ" ಅಂದಳು ಅಮ್ಮ. "ಮಗ ಅಳ್ತಾನೆ, ಅವನ ಕೈಲಿ ಆಗಲ್ಲ. ಸೊಸೆ ಗಟ್ಟಿ." ನನಗೆ ಮುಖ ಸಣ್ಣದಾಯಿತು. ಕ್ಲಿನಿಕ್ಕಿನಿಂದ ಹೊರಗೆ ಬಂದು ಆಟೊ ಹತ್ತಿದ ಮೇಲೆ ಅಮ್ಮ ನನ್ನ ಕೈ ಮೇಲೆ ಕೈ ಇಟ್ಟು, "ನೀನು ಒಂದ್ಸಲ ಸೈನ್ ಹಾಕಿದ್ದು ಸಾಕು ಕಣೇ" ಅಂದಳು.

ನಾಲ್ಕು ವರ್ಷದಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಆ ಗಂಟು ಕಣ್ಣ ಮುಂದೆ ಬರುತ್ತಿದ್ದುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಅದೂ ಗೊತ್ತಿತ್ತು.

ಕಾನೂನು ಏನು ಹೇಳುತ್ತೆ?

ಆಮೇಲೆ ನಾನು ಕೂತು ಓದಿದೆ. ಅಪ್ಪ ಆಸ್ಪತ್ರೆ ಸೇರುವ ಹೊತ್ತಿಗೇ ಇದರ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು. 'ಕಾಮನ್ ಕಾಸ್' ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಕನ್ನಡದಲ್ಲಿ ಇದನ್ನು ಮುಂಗಡ ವೈದ್ಯಕೀಯ ನಿರ್ದೇಶನ ಅನ್ನಬಹುದು. ಆದರೆ ಆಗ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ನಮ್ಮಂಥವರು ಕೋರ್ಟಿನ ಮೆಟ್ಟಿಲು ಹತ್ತುವುದುಂಟೇ? 2023ರ ಜನವರಿ 24ರಂದು ಕೋರ್ಟು ನಿಯಮಗಳನ್ನು ಸಡಿಲಿಸಿತು.

ಈಗಿನ ನಿಯಮ ಹೀಗಿದೆ. ಹದಿನೆಂಟು ದಾಟಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಸ್ವಂತ ಇಚ್ಛೆಯಿಂದ ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಬೇಕು, ಸಾಕ್ಷಿಗಳು ಮನೆಯವರಲ್ಲದಿದ್ದರೆ ಒಳ್ಳೆಯದು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನಮ್ಮ ಪರವಾಗಿ ತೀರ್ಮಾನ ಹೇಳುವವರ ಹೆಸರು ಒಂದಕ್ಕಿಂತ ಹೆಚ್ಚಿರಬೇಕು. ಪ್ರತಿಯೊಂದನ್ನು ಅವರಿಗೂ, ಕುಟುಂಬದ ಡಾಕ್ಟರ್ ಇದ್ದರೆ ಅವರಿಗೂ, ಪಂಚಾಯಿತಿ ಅಥವಾ ನಗರಸಭೆಯಂಥ ಸ್ಥಳೀಯ ಸಂಸ್ಥೆಯ ಅಧಿಕಾರಿಗೂ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲೇ ತಿದ್ದಬಹುದು, ರದ್ದು ಮಾಡಬಹುದು. ಕರ್ನಾಟಕದ ಆರೋಗ್ಯ ಇಲಾಖೆಯೂ ಈ ತೀರ್ಪನ್ನು ಜಾರಿಗೆ ತರುವ ಆದೇಶವನ್ನು 2025ರ ಜನವರಿ ಕೊನೆಯಲ್ಲಿ ಹೊರಡಿಸಿದೆ. ಈ ಹಕ್ಕಿಗಾಗಿ ವರ್ಷಗಟ್ಟಲೆ ಓಡಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರ ಹೆಸರು ಆಗ ಪತ್ರಿಕೆಗಳಲ್ಲಿ ಬಂದಿದ್ದು ನಿಮಗೂ ನೆನಪಿರಬಹುದು.

ಸುದ್ದಿ ಬಂದಾಗ ಬಹಳ ಜನ 'ದಯಾಮರಣ' ಅಂತಲೇ ಮಾತಾಡಿಕೊಂಡರು. ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಅಪರಾಧ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಾವು ಬರೆದಿಟ್ಟದ್ದು ಕೆಲಸಕ್ಕೆ ಬರುವುದು ಕಾಯಿಲೆ ಗುಣವಾಗುವ ಆಸೆಯಿಲ್ಲದ ಹಂತ ಮುಟ್ಟಿ, ನಮಗೇ ತೀರ್ಮಾನ ಹೇಳುವ ಶಕ್ತಿ ಇಲ್ಲದಿದ್ದಾಗ ಮಾತ್ರ. ಬಾಯಿ ಆಡುವಷ್ಟು ದಿನ ನಮ್ಮ ಮಾತೇ ಕೊನೆ. ಯಂತ್ರ ತೆಗೆಯುವ ಮುಂಚೆ ಚಿಕಿತ್ಸೆ ಕೊಡುವ ಡಾಕ್ಟರೂ ಇಬ್ಬರು ತಜ್ಞರೂ ಇರುವ ಒಂದು ಮಂಡಳಿ, ಆಮೇಲೆ ಜಿಲ್ಲಾ ವೈದ್ಯಾಧಿಕಾರಿ ಸೂಚಿಸಿದ ಡಾಕ್ಟರಿರುವ ಇನ್ನೊಂದು ಮಂಡಳಿ, ಎರಡೂ ಒಪ್ಪಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅಷ್ಟಾದ ಮೇಲೂ ನೋವಿಗೆ, ಉಸಿರಿನ ಸಂಕಟಕ್ಕೆ ಕೊಡುವ ಆರೈಕೆ ನಿಲ್ಲುವುದಿಲ್ಲ. ಆಸ್ತಿಗಾಗಿ ಮಕ್ಕಳು ಬೇಗ ಮುಗಿಸಿಬಿಡುತ್ತಾರೆ ಅನ್ನುವ ಹೆದರಿಕೆಗೆ ಉತ್ತರವಾಗಿಯೇ ಇಷ್ಟು ಕಟ್ಟುಪಾಡು.

ಊರ ಕ್ಲಿನಿಕ್ಕೇ ಏಕೆ?

ಹತ್ತೊಂಬತ್ತು ದಿನ ಐಸಿಯು ಮುಂದೆ ಕೂತವಳಾಗಿ ಹೇಳುತ್ತೇನೆ, ಈ ಮಾತಿಗೆ ಐಸಿಯು ಸರಿಯಾದ ಜಾಗವಲ್ಲ. ಅಲ್ಲಿನ ಡಾಕ್ಟರಿಗೆ ನಮ್ಮ ಅಪ್ಪ ಒಂದು ಬೆಡ್ ನಂಬರು. ಅಲ್ಲಿ ಹೊತ್ತಿರುವುದಿಲ್ಲ, ಕಾಯಿಲೆಯವರಿಗೆ ಮಾತಿರುವುದಿಲ್ಲ, ಮನೆಯವರಿಗೆ ಬುದ್ಧಿ ನೆಟ್ಟಗಿರುವುದಿಲ್ಲ. ಊರಿನ ಡಾಕ್ಟ್ರಿಗೆ ಮಾತ್ರ ಅಮ್ಮ ಯಾವುದಕ್ಕೆ ಹೆದರುತ್ತಾಳೆ, ಯಾವುದಕ್ಕೆ ಹೆದರುವುದಿಲ್ಲ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಲ್ಲಾ ಗೊತ್ತು. ಮೇಲಾಗಿ ಅಲ್ಲಿಗೆ ನಾವು ಹೇಗೂ ತಿಂಗಳು ತಿಂಗಳು ಹೋಗುತ್ತೇವೆ. ಒಂದೇ ದಿನ ಎಲ್ಲಾ ಮುಗಿಸಬೇಕಿಲ್ಲ. ಈ ತಿಂಗಳು ಒಂದು ಪ್ರಶ್ನೆ, ಮುಂದಿನ ತಿಂಗಳು ಇನ್ನೊಂದು.

"ಎಲ್ಲರಿಗೂ ಯಾಕೆ ಕೇಳಲ್ಲ ಡಾಕ್ಟ್ರೇ?" ಅಂತ ನಾನು ಕೇಳಿದ್ದೆ. ಅವರು ನಕ್ಕರು. "ದಿನಕ್ಕೆ ಎಂಬತ್ತು ಜನ ಬರ್ತಾರಮ್ಮ. ಅಷ್ಟು ಜನರ ಎದುರಿಗೆ ಕೇಳೋಕಾಗುತ್ತಾ? ಇನ್ನು ಕೇಳಿದ್ರೆ, 'ಅಪಶಕುನ ಆಡ್ತಾನೆ' ಅಂತ ಬೇರೆ ಡಾಕ್ಟ್ರ ಹತ್ರ ಹೋಗ್ತಾರೆ. ನೀವೇ ಬಂದು ಕೇಳಿದ್ರೆ ನಮಗೂ ಧೈರ್ಯ."

ಅವರ ಮಾತು ನಿಜ. ಅವರು ಕೇಳಲಿ ಅಂತ ನಾವು, ನಾವು ಕೇಳಲಿ ಅಂತ ಅವರು, ಹೀಗೇ ವರ್ಷ ಕಳೆದುಹೋಗುತ್ತದೆ. ಸ್ವಂತ ಡಾಕ್ಟ್ರು ಇಲ್ಲದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬಹುದು. ಉಪಕೇಂದ್ರಗಳನ್ನು ಆಯುಷ್ಮಾನ್ ಆರೋಗ್ಯ ಮಂದಿರ ಮಾಡಿದಾಗ ಅಲ್ಲಿ ಸಿಗಬೇಕಾದ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆಯನ್ನೂ, ಗುಣವಾಗದ ಕಾಯಿಲೆಯವರಿಗೆ ನೋವು ಸಂಕಟ ಕಡಿಮೆ ಮಾಡುವ ಉಪಶಾಮಕ ಆರೈಕೆಯನ್ನೂ ಸೇರಿಸಿದ್ದಾರೆ. ಕಾಗದದಲ್ಲಿರುವುದು ಎಲ್ಲಾ ಕಡೆ ಸಿಗುತ್ತದೆ ಅಂತಲ್ಲ. ಆದರೂ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅನ್ನುವುದು ಗೊತ್ತಿರುತ್ತದೆ. ಮಾತು ಶುರುವಾಗೋಕೆ ಅಷ್ಟು ಸಾಕು.

ಪಕ್ಕದ ಕೇರಳದಲ್ಲಿ ಇದು ನಡೆಯುತ್ತಿದೆ. ಅಲ್ಲಿನ ಸರ್ಕಾರ 2008ರಲ್ಲೇ ಉಪಶಾಮಕ ಆರೈಕೆಗೆ ಒಂದು ನೀತಿ ಮಾಡಿತು. ಪಂಚಾಯಿತಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ ಸೇರಿ ನರ್ಸುಗಳನ್ನು ಹಾಸಿಗೆ ಹಿಡಿದವರ ಮನೆಗೇ ಕಳಿಸುತ್ತವೆ, ಊರಿನ ಸ್ವಯಂಸೇವಕರು ಜತೆಗಿರುತ್ತಾರೆ. ನಮ್ಮ ಬೆಂಗಳೂರಿನಲ್ಲೂ ಕರುಣಾಶ್ರಯದಂಥ ಸಂಸ್ಥೆ ಗುಣವಾಗದ ಕ್ಯಾನ್ಸರ್ ಇರುವವರನ್ನು ವರ್ಷಗಳಿಂದ ಉಚಿತವಾಗಿ ನೋಡಿಕೊಳ್ಳುತ್ತಿದೆ. ಮನೆಗೆ ನರ್ಸ್ ಬರುವ ವ್ಯವಸ್ಥೆ ನಮ್ಮ ತಾಲ್ಲೂಕುಗಳಲ್ಲೂ ಗಟ್ಟಿಯಾದರೆ "ಮನೇಲೇ ಇರ್ತೀನಿ" ಅನ್ನುವವರ ಮಾತು ನಡೆಸಿಕೊಡುವುದು ಎಷ್ಟೋ ಸುಲಭ.

ನೀವು ಹೇಗೆ ಶುರು ಮಾಡಬಹುದು?

ನಮ್ಮ ಅನುಭವದಿಂದ ಕಲಿತ ಕೆಲವು ಸಂಗತಿ ಹೇಳುತ್ತೇನೆ.

• ಮುಂದಿನ ಸಲ ಬಿಪಿ, ಶುಗರ್ ನೋಡಿಸಲು ಹೋದಾಗ ಕೊನೇ ಟೋಕನ್ ಕೇಳಿ. "ಅಮ್ಮನ ಕಾಯಿಲೆ ಮುಂದೆ ಹೇಗಾಗಬಹುದು, ನಾವು ಏನು ಯೋಚನೆ ಮಾಡಿಟ್ಟುಕೊಂಡಿರಬೇಕು?" ಇಷ್ಟು ಕೇಳಿದರೆ ಸಾಕು, ಡಾಕ್ಟರಿಗೆ ಅರ್ಥವಾಗುತ್ತದೆ.

• ಕಾಯಿಲೆಯವರನ್ನು ಹೊರಗೆ ಕೂರಿಸಿ ನೀವು ಒಳಗೆ ಮಾತಾಡಬೇಡಿ. ಅವರಿಗೆ ಎಷ್ಟು ತಿಳಿಯಬೇಕೋ ಅದನ್ನು ಅವರೇ ಹೇಳಲಿ. "ನನಗೆ ಏನೂ ಹೇಳಬೇಡಿ, ಮಗನಿಗೆ ಹೇಳಿ" ಅನ್ನುವುದೂ ಒಂದು ಉತ್ತರವೇ.

• ಯಾವ ಚಿಕಿತ್ಸೆ ಬೇಡ ಅನ್ನುವುದರಿಂದ ಶುರು ಮಾಡಬೇಡಿ. ಅವರಿಗೆ ಏನು ಮುಖ್ಯ, ಯಾವುದರ ಹೆದರಿಕೆ ಅಂತ ಮೊದಲು ಕೇಳಿ. "ಎಲ್ಲಾ ಚಿಕಿತ್ಸೆಯೂ ಬೇಕು" ಅಂದರೆ ಅದನ್ನೇ ಬರೆಯಿರಿ.

• ಪರವಾಗಿ ಮಾತಾಡುವವರನ್ನು ಆರಿಸುವಾಗ ಹೆಚ್ಚು ಪ್ರೀತಿ ಯಾರಿಗೆ ಅಂತ ನೋಡಬೇಡಿ. ಕಷ್ಟದ ಹೊತ್ತಲ್ಲಿ ಅವರ ಮಾತನ್ನು ಅವರ ಮಾತಾಗಿಯೇ ಹೇಳಬಲ್ಲವರು ಯಾರು ಅಂತ ನೋಡಿ.

• ದೂರದಲ್ಲಿರುವ ಮಕ್ಕಳನ್ನು ಫೋನಿನಲ್ಲಾದರೂ ಕೂರಿಸಿಕೊಳ್ಳಿ. ಕೊನೇ ಗಳಿಗೆಯಲ್ಲಿ ವಿಮಾನ ಇಳಿದು ಬಂದವರೇ ಹೆಚ್ಚು ಜಗಳ ಆಡುವುದು. ಅದು ದೂರದಲ್ಲಿದ್ದ ಅಪರಾಧಿ ಭಾವದಿಂದ ಬರುವ ಜಗಳ, ಪಾಪ.

• ಕಾಗದವನ್ನು ಬೀರುವಿನ ಲಾಕರಿನಲ್ಲಿ ಇಡಬೇಡಿ. ಆಸ್ಪತ್ರೆಯ ಫೈಲಿನಲ್ಲೇ ಮೇಲುಗಡೆ ಇಡಿ, ಫೋಟೊ ತೆಗೆದು ಎಲ್ಲರ ಫೋನಿನಲ್ಲೂ ಇರಲಿ. ವರ್ಷಕ್ಕೊಮ್ಮೆ ತೆಗೆದು ಓದಿ.

ನೋಟರಿ ತನಕ ಹೋಗಲು ಆಗಲಿಲ್ಲವೇ? ಬೇಜಾರಿಲ್ಲ. ಮಾತಾಡಿದ್ದನ್ನು ಡಾಕ್ಟರ್ ತಮ್ಮ ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರೂ ಅದಕ್ಕೆ ಬೆಲೆಯಿದೆ. ಕಾನೂನಿನ ಬಲ ಬೇಕಾದರೆ ಮಾತ್ರ ಮೇಲೆ ಹೇಳಿದ ಕ್ರಮದಲ್ಲೇ ಮಾಡಿಸಬೇಕು.

ಕಾಗದ ಕೆಲಸಕ್ಕೆ ಬಂದ ದಿನ

ಕಳೆದ ವರ್ಷ ಆಷಾಢದಲ್ಲಿ ಅಮ್ಮನಿಗೆ ರಾತ್ರಿ ಉಸಿರು ಕಟ್ಟಿತು. ಮತ್ತೆ ಅದೇ ಹೊತ್ತು, ಆಂಬುಲೆನ್ಸು, ಬೇರೆ ಆಸ್ಪತ್ರೆ. ಡ್ಯೂಟಿ ಡಾಕ್ಟರ್ ಹೊರಗೆ ಬಂದು ಅದೇ ಪ್ರಶ್ನೆ ಕೇಳಿದರು. ಅತ್ತಿಗೆ ಪುಣೆಯಿಂದ ಫೋನಿನಲ್ಲಿದ್ದಳು. ತಂಗಿ ಹಾಸನದಿಂದ ಹೊರಟು ದಾರಿಯಲ್ಲಿದ್ದಳು. ನಾನು ಫೈಲು ತೆಗೆದು ಮೇಲಿನ ಹಾಳೆ ಕೊಟ್ಟೆ. ಅವರು ನಿಂತುಕೊಂಡೇ ಓದಿ, "ಒಳ್ಳೇದಾಯ್ತು. ಮೊದಲು ಮಾಸ್ಕಿನಲ್ಲಿ ಒತ್ತಡದಿಂದ ಗಾಳಿ ಕೊಡ್ತೀವಿ, ಇಂಜೆಕ್ಷನ್ ಕೊಟ್ಟು ನೀರು ಇಳಿಸ್ತೀವಿ. ಪೈಪ್ ಹಾಕಲೇಬೇಕು ಅನ್ನಿಸಿದ್ರೆ ಇವರಿಬ್ಬರನ್ನೂ ಕೇಳ್ತೀವಿ" ಅಂದರು. ಅತ್ತಿಗೆ, "ಹೌದು, ಅತ್ತೆ ಹೇಳಿದ್ದು ಹಾಗೇ" ಅಂದಳು. ಅಣ್ಣ ಹಿಂದಿನಿಂದ ಅಳುತ್ತಿದ್ದುದು ಕೇಳಿಸಿತು. ಅವನೂ ಬೇರೆ ಮಾತಾಡಲಿಲ್ಲ.

ಪೈಪಿನ ಅಗತ್ಯ ಬೀಳಲಿಲ್ಲ. ಆರನೇ ದಿನ ಅಮ್ಮ ಮನೆಗೆ ಬಂದಳು. ಅಣ್ಣನೇ ಕರೆದುಕೊಂಡು ಬಂದ, ತಂಗಿ ಅವನಿಗೆ ಕಾಫಿ ಮಾಡಿಕೊಟ್ಟಳು. ಇಬ್ಬರೂ ಅಪ್ಪನ ವಿಷಯ ಎತ್ತಲಿಲ್ಲ. ಎತ್ತುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ನಾಳೆ ಏನಾಗುತ್ತೋ ಯಾರು ಬಲ್ಲರು. ಪೈಪ್ ಹಾಕುವ ದಿನ ಬಂದರೂ ಬರಬಹುದು, ತೆಗೆಯುವ ದಿನವೂ ಬರಬಹುದು. ಆವತ್ತು ಅಳು ಬರುತ್ತದೆ. ಆದರೆ ಅಮ್ಮನಿಗೆ ಏನು ಬೇಕಿತ್ತೋ ಅಂತ ನಾವು ಕತ್ತಲಲ್ಲಿ ತಡಕಾಡಬೇಕಾಗಿಲ್ಲ.

ಈ ಯುಗಾದಿಗೆ ಅಮ್ಮ ಆ ಹಾಳೆ ತರಿಸಿಕೊಂಡು ಓದಿಸಿದಳು. "ಸರಿಯಾಗಿದೆ" ಅಂದು, ಸ್ವಲ್ಪ ಹೊತ್ತು ಬಿಟ್ಟು, "ಮೊಮ್ಮಗಳಿಗೆ ಗಂಡು ನೋಡೋಕೆ ಶುರು ಮಾಡಿ ಅಂತಾನೂ ಅದರಲ್ಲಿ ಬರೀಬೇಕಿತ್ತು" ಅಂದಳು. ಹಾಳೆಯನ್ನು ಮತ್ತೆ ಫೈಲಿನ ಮೇಲುಗಡೆಯೇ ಇಟ್ಟಿದ್ದೇನೆ. ಮುಂದಿನ ವಾರ ಬಿಪಿ ನೋಡಿಸಲು ಹೋಗಬೇಕು. ಈ ಸಲ ಕೊನೇ ಟೋಕನ್ ನನ್ನ ಹೆಸರಿಗೆ ತಗೊಂಡಿದ್ದೇನೆ. ನನಗೂ ಐವತ್ತಾರಾಯಿತು.